ಅಂಕೋಲಾದ ವೈಂಡಿಂಗ್ ಅಂಗಡಿ: ಮೊದಲು ಅಳೆದರು, ಆಮೇಲೆ ಬಿಚ್ಚಿದರು

ಶಿರಸಿಯಿಂದ ರತ್ನಾಗಿರಿಗೆ ಹೋಗಿ ವಾಪಸ್ ಬರುತ್ತಿದ್ದೆ. ಆರು ದಿನದ ಪ್ರವಾಸ. ಮನೆಗೆ ಇನ್ನು ನೂರು ಕಿಲೋಮೀಟರ್ ಇದೆ ಅನ್ನುವಾಗ ಅವರ್ಸಾ ಹತ್ತಿರ ಬೈಕ್ ನಿಂತುಬಿಟ್ಟಿತು. ಅಲ್ಲಿಂದ ನನ್ನನ್ನು ಮನೆ ಮುಟ್ಟಿಸಿದ್ದು ಅಂಕೋಲಾದ ಒಂದು ಸಣ್ಣ ವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಕಾಯಿಲ್‌ಗೆ ಹೊಸ ತಂತಿ ಸುತ್ತಿಕೊಡುವ ಜಾಗ. ಅದಕ್ಕೆ ಹೆಸರಿನ ಬೋರ್ಡ್ ಇಲ್ಲ. ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ 'ಪಂಪ್‌ಸೆಟ್, ಸೆಲ್ಫ್ ಮೋಟಾರ್, ಮ್ಯಾಗ್ನೆಟ್ ಕಾಯಿಲ್' ಅಂತ ಬರೆದಿದೆ, ಅಷ್ಟೇ. ಬಸ್ ಸ್ಟ್ಯಾಂಡ್ ಕಡೆ ಹೋಗಿ 'ಕಾಯಿಲ್ ಸುತ್ತುವವರು ಎಲ್ಲಿ' ಅಂತ ಕೇಳಿದರೆ ತೋರಿಸುತ್ತಾರೆ.

ತೊಂದರೆ ಶುರುವಾಗಿದ್ದು ಹಿಂದಿನ ದಿನ. ಬೆಳಿಗ್ಗೆ ಸೆಲ್ಫ್ ಎಳೆಯಲಿಲ್ಲ, ಟಕ್ ಟಕ್ ಅಂತ ಸದ್ದು ಮಾತ್ರ. ದಾರಿಯಲ್ಲಿದ್ದ ಒಂದು ದೊಡ್ಡ ಗ್ಯಾರೇಜಿಗೆ ತಳ್ಳಿಕೊಂಡು ಹೋದೆ. ಅವರು ಸೀಟ್ ಎತ್ತಿದರು, ಬ್ಯಾಟರಿ ಹೋಗಿದೆ ಅಂದರು, 1,850 ರೂಪಾಯಿಗೆ ಹೊಸದು ಹಾಕಿದರು. ಹತ್ತೇ ನಿಮಿಷದ ಕೆಲಸ. ಇಂಜಿನ್ ಚಾಲೂ ಇಟ್ಟು ಚಾರ್ಜಿಂಗ್ ಎಷ್ಟು ಬರುತ್ತಿದೆ ಅಂತ ಒಮ್ಮೆ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ನೋಡಲಿಲ್ಲ. ನನಗೆ ಇವತ್ತಿಗೂ ಸಿಟ್ಟಿರುವುದು ಅದಕ್ಕೇ. ದುಡ್ಡು ಹೋಯಿತು ಅಂತಲ್ಲ. ಹೊಸ ಬ್ಯಾಟರಿ ಇದೆಯಲ್ಲ ಅನ್ನೋ ಧೈರ್ಯದಲ್ಲಿ ನಾನು ಕತ್ತಲಾಗುವವರೆಗೂ ಹೆದ್ದಾರಿಯಲ್ಲಿ ಗಾಡಿ ಓಡಿಸಿದೆ, ಆ ಧೈರ್ಯ ಸುಳ್ಳಾಗಿತ್ತು.

ಮರುದಿನ ಗೋವಾ ದಾಟಿ ಕಾರವಾರಕ್ಕೆ ಬರುವಷ್ಟರಲ್ಲಿ ಸಂಜೆ. ಬಿಣಗಾ ಕಡೆಯ ಸುರಂಗದೊಳಗೆ ಹೊಕ್ಕಾಗ ಹೆಡ್‌ಲೈಟ್ ಹಳದಿಯಾಗಿದ್ದು ಕಂಡಿತು. ಇಂಡಿಕೇಟರ್ ನಿಧಾನಕ್ಕೆ ಮಿಣುಕುತ್ತಿತ್ತು, ಹಾರ್ನ್ ಒತ್ತಿದರೆ ಗಂಟಲು ಕಟ್ಟಿದವರ ಹಾಗೆ ಸದ್ದು. ಆಮದಳ್ಳಿ ದಾಟುವಾಗ ಬ್ರೇಕಿನ ಎಬಿಎಸ್ ಎಚ್ಚರಿಕೆ ದೀಪ ಹತ್ತಿಕೊಂಡಿತು. ಲೈಟ್ ಆಫ್ ಮಾಡಿ ಸ್ವಲ್ಪ ಕರೆಂಟ್ ಉಳಿಸೋಣ ಅಂದರೆ 2017ರ ಏಪ್ರಿಲ್ ನಂತರದ ಗಾಡಿಗಳಿಗೆ ಆ ಸ್ವಿಚ್ಚೇ ಇಲ್ಲ, ಇಂಜಿನ್ ಓಡುವಷ್ಟು ಹೊತ್ತೂ ಹೆಡ್‌ಲೈಟ್ ಉರಿಯಲೇಬೇಕು. ಅವರ್ಸಾದಲ್ಲಿ ಡಿಸ್‌ಪ್ಲೇ ಒಮ್ಮೆ ಪೂರ್ತಿ ಆರಿತು, ಅದರ ಹಿಂದೆಯೇ ಇಂಜಿನ್ನೂ. ಹಳೇ ಕಾರ್ಬ್ಯುರೇಟರ್ ಗಾಡಿಯಾದರೆ ತಳ್ಳಿ ಚಾಲೂ ಮಾಡಿಕೊಂಡು ಹೇಗೋ ಮುಟ್ಟಬಹುದಿತ್ತು. ಇಂಜೆಕ್ಷನ್ ಗಾಡಿಗೆ ಪೆಟ್ರೋಲ್ ಪಂಪ್ ತಿರುಗಬೇಕಾದರೂ ಕರೆಂಟ್ ಬೇಕಲ್ವಾ.

ಗೂಡ್ಸ್ ರಿಕ್ಷಾದವರೊಬ್ಬರು ಗಾಡಿ ಹೇರಿಕೊಂಡು ಸೀದಾ ಈ ಅಂಗಡಿ ಮುಂದೆ ತಂದು ಇಳಿಸಿದರು. ಆಗ ಏಳು ಗಂಟೆ ಹತ್ತಿರ. ಅಂಗಡಿಯವರಿಗೆ ಅರವತ್ತು ದಾಟಿರಬೇಕು. ಬಾಗಿಲು ಹಾಕುವ ತಯಾರಿಯಲ್ಲಿದ್ದರು. "ಎಂತ ಆಯ್ತು ತಮಾ?" ಅಂದರು. ಬ್ಯಾಟರಿ ನಿನ್ನೆ ತಾನೇ ಹಾಕಿಸಿದ್ದು ಅಂದೆ. "ಬಾವಿಯಲ್ಲಿ ಒರತೆ ಇಲ್ದೇ ಹೋದ್ರೆ, ಕೊಡ ಹೊಸದು ತಂದು ಎಂತ ಮಾಡೂದು?" ಅಂತ ಹೇಳಿ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ತಂದರು.

ಮುಂದಿನದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ನಾನು ಕಲಿತದ್ದೆಲ್ಲ ಆ ಅರ್ಧ ಗಂಟೆಯಲ್ಲೇ.

ಮೊದಲು ತಮ್ಮ ಚಾರ್ಜ್ ಆದ ಬ್ಯಾಟರಿ ಜೋಡಿಸಿ ಇಂಜಿನ್ ಚಾಲೂ ಮಾಡಿದರು. ಬ್ಯಾಟರಿಯ ಎರಡು ತುದಿಗೆ ಮಲ್ಟಿಮೀಟರ್ ಹಿಡಿದು ಎಕ್ಸಿಲರೇಟರ್ ಕೊಡು ಅಂದರು. ಸರಿ ಇರುವ ಗಾಡಿಯಲ್ಲಿ ಅದು 14 ವೋಲ್ಟ್ ಆಸುಪಾಸಿಗೆ ಏರಬೇಕು. ನಮ್ಮದು 12.3ರಲ್ಲೇ ನಿಂತು ಮೆಲ್ಲಗೆ ಇಳಿಯತೊಡಗಿತು. ಇಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಕಾಯಿಲ್‌ಗೆ ಸ್ಟೇಟರ್ ಅಂತಾರೆ, ಅದರ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವುದು ರೆಕ್ಟಿಫೈಯರ್. ಆಮೇಲೆ ಸ್ಟೇಟರ್‌ನಿಂದ ರೆಕ್ಟಿಫೈಯರಿಗೆ ಬರುವ ಮೂರು ಹಳದಿ ವಯರನ್ನು ಜೋಡಿಸುವ ಪ್ಲಾಸ್ಟಿಕ್ ಕಪ್ಲರ್ ಎಳೆದರು. ಅದರ ಒಂದು ಮೂಲೆ ಕರಗಿ ಕಂದು ಬಣ್ಣಕ್ಕೆ ತಿರುಗಿತ್ತು. ಒಳಗಿನ ಪಿನ್ ಮೇಲೆ ಹಸಿರು ಪುಡಿ. ವರ್ಷಗಟ್ಟಲೆ ಸಮುದ್ರದ ಗಾಳಿಯಲ್ಲಿ ಓಡಾಡಿದ ಗಾಡಿ ನನ್ನದು, ಆ ಕಪ್ಲರ್ ಮಾತ್ರ ಯಾವ ಸರ್ವೀಸಿನಲ್ಲೂ ಯಾರೂ ಬಿಚ್ಚಿ ನೋಡಿರಲಿಲ್ಲ. ಮೂರು ವಯರನ್ನು ಎರಡೆರಡಾಗಿ ಹಿಡಿದು ಎಸಿ ವೋಲ್ಟೇಜ್ ನೋಡಿದರು. ಒಂದು ಜೋಡಿಯಲ್ಲಿ 60, ಉಳಿದ ಎರಡರಲ್ಲಿ 30ರ ಹತ್ತಿರ. ಮೂರೂ ಒಂದೇ ಇರಬೇಕು. ಕೊನೆಗೆ ಇಂಜಿನ್ ಬಂದ್ ಮಾಡಿ, ಒಂದು ಹಳದಿ ವಯರಿಗೂ ಇಂಜಿನ್ ಬಾಡಿಗೂ ಪ್ರೋಬ್ ತಾಗಿಸಿದರು. ಬೀಪ್ ಅಂತು. ಅಲ್ಲಿ ಬೀಪ್ ಬರಲೇಬಾರದು. ಕಾಯಿಲ್ ಸುಟ್ಟು ಬಾಡಿಗೆ ಶಾರ್ಟ್ ಆಗಿದೆ ಅಂತ ಅರ್ಥ.

ರೆಕ್ಟಿಫೈಯರನ್ನೂ ಡಯೋಡ್ ಮೋಡಿನಲ್ಲಿ ನೋಡಿ, ಅದು ಸರಿ ಇದೆ, ಬದಲಿಸುವುದು ಬೇಡ ಅಂದರು. ಅಂಗಡಿಯ ಶೆಲ್ಫಿನಲ್ಲಿ ರೆಕ್ಟಿಫೈಯರ್ ಇತ್ತು. ನಾನು ಹೆದರಿಕೊಂಡಿದ್ದೆ, ಹೇಳಿದ್ದರೆ ಅದನ್ನೂ ಹಾಕಿಸಿಕೊಳ್ಳುತ್ತಿದ್ದೆ. ಅವರು ಹೇಳಲಿಲ್ಲ. ಈ ಅಂಗಡಿಯ ಬಗ್ಗೆ ನಾನು ಇಷ್ಟು ಬರೆಯಲು ದೊಡ್ಡ ಕಾರಣವೇ ಇದು.

ರಾತ್ರಿ ಲಾಡ್ಜ್‌ನಲ್ಲಿ ಉಳಿದು ಬೆಳಿಗ್ಗೆ ಎಂಟಕ್ಕೆ ಹೋದಾಗ ಎಡಗಡೆ ಕವರ್ ಬಿಚ್ಚಿ, ಸ್ಟೇಟರ್ ಹೊರತೆಗೆದು ಇಟ್ಟಿದ್ದರು. ಹದಿನೆಂಟು ಹಲ್ಲಿನ ಚಕ್ರ. ಆರು ಹಲ್ಲಿನ ತಂತಿ ಇದ್ದಿಲ ಹಾಗೆ ಕಪ್ಪು, ಮೂಗಿಗೆ ಸುಟ್ಟ ಎಣ್ಣೆಯ ವಾಸನೆ. ಹಳೇ ತಂತಿ ಬಿಚ್ಚುವಾಗ ಪ್ರತಿ ಸುತ್ತನ್ನೂ ಎಣಿಸಿ ಚೀಟಿಯಲ್ಲಿ ಬರೆದುಕೊಂಡರು. ತಂತಿಯ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಅಳೆದು ಅದೇ ಗೇಜಿನ ಹೊಸ ತಾಮ್ರ ತೆಗೆದರು. ಆಮೇಲೆ ಕೈಯಲ್ಲೇ ಸುತ್ತಿದ್ದು. ಬೆರಳಿಗೆ ಬಟ್ಟೆ ಸುತ್ತಿಕೊಂಡು, ಒಂದೊಂದು ಹಲ್ಲಿಗೂ ತಂತಿ ಬಿಗಿಯಾಗಿ ಎಳೆದು, ಒಂದರ ಪಕ್ಕ ಒಂದು ಕೂರಿಸುತ್ತಾ ಹೋದರು. ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರೆ ಉತ್ತರವಿಲ್ಲ, ಎಣಿಕೆ ತಪ್ಪುತ್ತದೆ. ಸುತ್ತಿ ಮುಗಿದ ಮೇಲೆ ವಾರ್ನಿಶ್ ಹಾಕಿ, ಬಲ್ಬ್ ಉರಿಯುವ ತಗಡಿನ ಡಬ್ಬಿಯೊಳಗೆ ನಾಲ್ಕು ಗಂಟೆ ಒಣಗಲು ಇಟ್ಟರು. ನನಗೆ ಅವಸರ ಇತ್ತು. "ಹಸಿ ಇರುವಾಗ ಹಾಕಿದ್ರೆ ಮಳೆಗಾಲ ಮುಗಿಯೂದ್ರೊಳಗೆ ಮತ್ತೆ ಇಲ್ಲೇ ಬರ್ತೆ" ಅಂದರು.

ಆ ನಾಲ್ಕು ಗಂಟೆ ನಾನು ಪೇಟೆ ಸುತ್ತಿದೆ. ಮೇ ತಿಂಗಳು. ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡಿದ್ದ ಅಮ್ಮನ ಹತ್ತಿರ ಕರಿ ಇಶಾಡು ಮಾವಿನಹಣ್ಣು ತೆಗೆದುಕೊಂಡು ಬಂದೆ. ಎರಡು ಹಣ್ಣು ಅಂಗಡಿಯವರಿಗೂ ಕೊಟ್ಟೆ.

ಮಧ್ಯಾಹ್ನದ ಮೇಲೆ ಕವರಿಗೆ ಹೊಸ ಗ್ಯಾಸ್ಕೆಟನ್ನು ಪೇಪರಿನಲ್ಲಿ ಕತ್ತರಿಸಿ ಕೂರಿಸಿದರು. ಕರಗಿದ ಕಪ್ಲರ್ ತೆಗೆದುಹಾಕಿ ಮೂರೂ ವಯರನ್ನು ಬೆಸುಗೆ ಹಾಕಿ ಸ್ಲೀವ್ ಏರಿಸಿದರು. ಅಷ್ಟರಲ್ಲಿ ನನ್ನ ಬ್ಯಾಟರಿಯೂ ಚಾರ್ಜ್ ಆಗಿತ್ತು. ಇಂಜಿನ್ ಚಾಲೂ, ಎಕ್ಸಿಲರೇಟರ್, 14.2 ವೋಲ್ಟ್. ನಾಲ್ಕು ಗಂಟೆಗೆ ಹೊರಟೆ. ಕುಮಟಾ, ಆಮೇಲೆ ದೇವಿಮನೆ ಘಾಟಿ, ಕತ್ತಲಲ್ಲಿ ಹೆಡ್‌ಲೈಟ್ ಬೆಳ್ಳಗೆ ಉರಿಯುತ್ತಿತ್ತು. ಎಲ್ಲಾ ಸೇರಿ 1,900 ರೂಪಾಯಿ.

ಕೊರತೆಯನ್ನೂ ಹೇಳಬೇಕು. ಬಿಲ್ ಕೊಡುವುದಿಲ್ಲ. ಕೂರಲು ಜಾಗ ಇಲ್ಲ, ಹೊರಗೆ ಕಲ್ಲಿನ ಕಟ್ಟೆ ಮಾತ್ರ. ಒಬ್ಬರೇ ಕೆಲಸ ಮಾಡುವುದರಿಂದ ನಡುವೆ ಯಾರಾದರೂ ರೈತರು ಪಂಪ್‌ಸೆಟ್ ತಂದರೆ ನಿಮ್ಮ ಕೆಲಸ ಒಂದು ಗಂಟೆ ನಿಲ್ಲುತ್ತದೆ. ಒಂದೇ ದಿನದಲ್ಲಿ ಮುಂದೆ ಹೋಗಲೇಬೇಕು ಅನ್ನುವವರಿಗೆ ಇದು ಸರಿಹೋಗುವುದಿಲ್ಲ, ಅವರು ಹೊಸ ಸ್ಟೇಟರ್ ಸಿಗುತ್ತದಾ ನೋಡಿಕೊಳ್ಳುವುದು ಒಳ್ಳೆಯದು, ರೇಟ್ ಜಾಸ್ತಿ ಆದರೂ.

ಮಳೆಗಾಲ ಪೂರ್ತಿ ಗಾಡಿ ಓಡಿಸಿದ್ದೇನೆ, ನಾಲ್ಕು ಸಾವಿರ ಕಿಲೋಮೀಟರ್ ದಾಟಿದೆ. ಈಗ ನನ್ನ ಬ್ಯಾಗಿನಲ್ಲೂ ಮುನ್ನೂರು ರೂಪಾಯಿಯ ಮಲ್ಟಿಮೀಟರ್ ಇದೆ, ದೂರ ಹೊರಡುವ ಮುಂಚೆ ಒಮ್ಮೆ ಹಿಡಿದು ನೋಡುತ್ತೇನೆ. ಹೋದ ವಾರ ಶಿರಸಿಯಲ್ಲಿ ಸರ್ವೀಸಿಗೆ ಬಿಟ್ಟಾಗ ಮೆಕ್ಯಾನಿಕ್ ಸೈಡ್ ಪ್ಯಾನೆಲ್ ತೆಗೆದು ನನ್ನನ್ನು ಕರೆದ. ಒಳಬದಿಯಲ್ಲಿ ಮಾರ್ಕರ್ ಪೆನ್ನಿನಿಂದ ತಾರೀಕು, ಅದರ ಕೆಳಗೆ '60-60-60, 14.2' ಅಂತ ಬರೆದಿತ್ತು. ಅಂಕೋಲಾದವರು ನನಗೆ ಹೇಳಿರಲೇ ಇಲ್ಲ, ಮುಂದೆ ಗಾಡಿ ಬಿಚ್ಚುವವರಿಗೆ ಅಂತ ಬರೆದಿಟ್ಟಿದ್ದರು. ಇವನೂ ಮೀಟರ್ ಹಿಡಿದ. 14.2 ಬಂತು.