ಕೈ ಎಣಿಕೆ, ಬಾರ್‌ಕೋಡ್, ರೇಡಿಯೋ ಚಿಪ್: ಆಪರೇಷನ್ ಥಿಯೇಟರಿಗೆ ಯಾವುದು?

ಶಸ್ತ್ರಚಿಕಿತ್ಸೆಯಲ್ಲಿ ಮರೆತು ಒಳಗುಳಿಯುವ ವಸ್ತುಗಳಲ್ಲಿ ಗಾಜ್ ಸ್ಪಂಜುಗಳದೇ (ರಕ್ತ ಹೀರಲು ಬಳಸುವ ತೆಳು ಬಟ್ಟೆಯ ತುಂಡುಗಳು) ಸಿಂಹಪಾಲು. ರಕ್ತ ಹೀರಿದರೆ ಅಂಗಾಂಶಕ್ಕೂ ಅವಕ್ಕೂ ವ್ಯತ್ಯಾಸ ಕಾಣದು. ಅವು ಒಳಗುಳಿಯದಂತೆ ನೋಡಿಕೊಳ್ಳುವ ಮೂರು ದಾರಿಗಳನ್ನು ಹೋಲಿಸೋಣ.

ಕೈ ಎಣಿಕೆಗೆ ಯಂತ್ರ ಬೇಡ. ಸೂಜಿ, ಬ್ಲೇಡ್, ಉಪಕರಣ ಎಲ್ಲಕ್ಕೂ ನಡೆಯುತ್ತದೆ. ಇಬ್ಬರು ಒಟ್ಟಿಗೆ, ಕಣ್ಣಾರೆ ನೋಡುತ್ತ, ಜೋರಾಗಿ ಎಣಿಸಬೇಕು: ಶುರುವಿಗೆ ಮುನ್ನ, ಹೊಸ ಪೊಟ್ಟಣ ಬಿಚ್ಚಿದಾಗ, ಹೊಟ್ಟೆ ಮುಚ್ಚುವ ಮೊದಲು, ಚರ್ಮ ಹೊಲಿಯುವಾಗ, ಸಿಬ್ಬಂದಿ ಬದಲಾದಾಗ. ಆದರೂ ಸ್ಪಂಜು ಉಳಿದ ಬಹುತೇಕ ಪ್ರಕರಣಗಳ ದಾಖಲೆಯಲ್ಲಿ ‘ಎಣಿಕೆ ಸರಿ’ ಎಂದೇ ಇರುತ್ತದೆ! 10ರ ಪೊಟ್ಟಣದಲ್ಲಿ 11 ಇದ್ದು, ಬಿಡಿಸಿ ನೋಡದಿದ್ದರೆ ಸಾಕು. ಒಂದು ಒಳಗೇ ಉಳಿದರೂ ಲೆಕ್ಕ ತಾಳೆಯಾಗುತ್ತದೆ. ಬಳಸಿದ ಪ್ರತಿ ಸ್ಪಂಜನ್ನೂ ಜೇಬುಗಳಿರುವ ತೂಗುಚೀಲದಲ್ಲಿ ಒಂದೊಂದಾಗಿ ಇಡುವುದು ಅಗ್ಗದ, ಒಳ್ಳೆಯ ಉಪಾಯ. ಖಾಲಿ ಜೇಬು ತಾನೇ ಕಣ್ಣಿಗೆ ಹೊಡೆಯುತ್ತದೆ.

ಬಾರ್‌ಕೋಡ್‌ನಲ್ಲಿ ಪ್ರತಿ ಸ್ಪಂಜಿಗೂ ಬೇರೆ ಗುರುತು. ಒಂದನ್ನೇ ಎರಡು ಬಾರಿ ಎಣಿಸುವ ತಪ್ಪು ತಪ್ಪುತ್ತದೆ. ಆದರೆ ಕಾಣೆಯಾದದ್ದು ಎಲ್ಲಿದೆ ಎಂದು ಅದು ಹೇಳದು.

ರೇಡಿಯೋ ಚಿಪ್ ಹೊಲಿದ ಸ್ಪಂಜನ್ನು ರೋಗಿಯ ಮೇಲೆ ಪತ್ತೆಕೋಲು ಆಡಿಸಿ ಹುಡುಕಬಹುದು. ಸರಳ ಚಿಪ್ ಇದೆ-ಇಲ್ಲ ಎಂದಷ್ಟೇ ತಿಳಿಸುತ್ತದೆ. ಗುರುತು ಸಂಖ್ಯೆಯ ಚಿಪ್ ಎಣಿಕೆಯನ್ನೂ ಮಾಡುತ್ತದೆ, ಬೆಲೆ ಹೆಚ್ಚು. ಚಿಪ್ಪಿಲ್ಲದ ಸೂಜಿಗೆ ಎರಡೂ ನಿರುಪಯೋಗಿ.

ಲೆಕ್ಕ ತಪ್ಪಿದರೆ ಹೊಲಿಗೆ ನಿಲ್ಲಿಸಿ, ಗಾಯ, ನೆಲ, ಕಸದ ಚೀಲ ಹುಡುಕಿ; ಸಿಗದಿದ್ದರೆ ಅಲ್ಲೇ ಎಕ್ಸ್‌ರೇ. ತೀರಾ ಸಣ್ಣ ಸೂಜಿಗಳು ಅದರಲ್ಲೂ ತಪ್ಪಿಸಿಕೊಳ್ಳಬಹುದು.

ತುರ್ತು ಶಸ್ತ್ರಚಿಕಿತ್ಸೆ ಹಾಗೂ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆ ಹೆಚ್ಚಿದ್ದರೆ ಚಿಪ್‌ಗೆ ಹಣ ಹಾಕಬಹುದು, ಕೈ ಎಣಿಕೆ ಬಿಡದೆ. ಉಳಿದ ಕಡೆ ಮೊದಲು ತೂಗುಚೀಲ ಕೊಳ್ಳಿ.