ಹಿತ್ತಿಲೋ, ಕೆರೆಯೋ? ಚಳಿಗಾಲದ ಹಕ್ಕಿ ಎಣಿಕೆಗೆ ಎಲ್ಲಿ ಕೂರಬೇಕು

ಹಕ್ಕಿ ಎಣಿಸೋಕೆ ಮನೆ ಹಿತ್ತಿಲು ಸಾಕಾ, ಕೆರೆಗೇ ಹೋಗಬೇಕಾ ಅಂತ ಕೇಳಿದ್ದೀರಿ. ಮೊದಲು ನಿಮ್ಮ ಹತ್ತಿರ ಎಷ್ಟು ಸಮಯ ಇದೆ ನೋಡಿ. ಫೆಬ್ರವರಿಯಲ್ಲಿ ಜಗತ್ತಿನಾದ್ಯಂತ ನಡೆಯುವ ನಾಲ್ಕು ದಿನದ ಹಿತ್ತಿಲ ಹಕ್ಕಿ ಎಣಿಕೆಗೆ (ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್) ಕನಿಷ್ಠ 15 ನಿಮಿಷ ಸಾಕು. ಕೆರೆಗಾದರೆ ಅರ್ಧ ದಿನ ಬೇಕು, ಬಸ್ ಖರ್ಚು ಬೇರೆ.

ಸಲಕರಣೆ? ಹಿತ್ತಿಲಿಗೆ ಕಣ್ಣು, ಕಿವಿ ಸಾಕು. ದಾಸವಾಳದ ಪೊದೆಯೊಳಗಿಂದ 'ಚಕ್, ಚಕ್' ಅಂತ ಕೇಳಿದರೆ ಅದು ಚಳಿಗಾಲಕ್ಕೆ ಬಂದ ಉಲಿಯಕ್ಕಿ ಇರಬಹುದು, ಸುಮ್ನೆ ಕೂತು ನೋಡಿ. ಕೆರೆಯಲ್ಲಿ ಬೈನಾಕ್ಯುಲರ್ ಇಲ್ಲದಿದ್ದರೆ ದೂರದ ಬಾತುಗಳೆಲ್ಲ ಕಪ್ಪು ಚುಕ್ಕೆ. 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮುಂಗಾಜಿನದ್ದು) ಸಾಕು, ಇನ್ನೂ ಜಾಸ್ತಿ ದೊಡ್ಡದಾಗಿ ತೋರಿಸುವುದಾದರೆ ಕೈ ನಡುಕಕ್ಕೆ ನೋಟ ಅಲುಗುತ್ತದೆ.

ಎಣಿಸುವ ಕಷ್ಟ ಎರಡು ಕಡೆಯೂ ಇದೆ. ಹಿತ್ತಿಲಲ್ಲಿ ಒಂದೇ ಪಿಕಳಾರ ಹತ್ತು ಸಲ ಬಂದರೆ ಹತ್ತು ಅಂತ ಬರೆಯೋ ಹಾಗಿಲ್ಲ. ಕೆರೆಯಲ್ಲಿ ನೂರಾರು ಹಕ್ಕಿ ಒಟ್ಟಿಗೆ ಏಳುತ್ತವೆ. ಮೊದಲು ಹತ್ತನ್ನು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆ ನೋಡಿ, ಅದೇ ಅಳತೆಯಲ್ಲಿ ಗುಂಪನ್ನು ಅಂದಾಜು ಮಾಡಿ. ನನ್ನ ಮೊದಲ ಲೆಕ್ಕ ನಾಮದ ಕೋಳಿಗಳ (ಹಣೆಯಲ್ಲಿ ಬಿಳಿ ನಾಮ ಇರುವ ಕಪ್ಪು ನೀರುಹಕ್ಕಿ) ಗದ್ದಲದಲ್ಲಿ ಮೂರು ಸಲ ತಪ್ಪಿತ್ತು.

ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇದ್ದರೆ ಹಿತ್ತಿಲೇ ಒಳ್ಳೇದು. ಗದಗ ಕಡೆಯವರಾದರೆ ಮಾತ್ರ ಮಾಗಡಿ ಕೆರೆ ಬಿಡಬೇಡಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹೊಲದಲ್ಲಿ ಮೇಯ್ದು ಸಾಲುಸಾಲಾಗಿ ನೀರಿಗಿಳಿಯುವುದು ಯಾವ ಹಿತ್ತಿಲಲ್ಲೂ ಸಿಗಲ್ಲ. ಜನವರಿಯ ನೀರುಹಕ್ಕಿ ಗಣತಿಗೆ ಸೇರುವುದಾದರೆ ಮೊದಲ ಸಲ ಅನುಭವಿಗಳ ಜೊತೆ ಹೋಗಿ.