ಸೀಲಿಯಾಕ್‌ಗೆ ಪಥ್ಯವೋ, ಗುಳಿಗೆಯೋ, ಹೊಸ ಔಷಧದ ಪ್ರಯೋಗವೋ?

ತಂಗಿಗೆ ಸೀಲಿಯಾಕ್ (ಗೋಧಿ, ಬಾರ್ಲಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ತಿಂದರೆ ಕರುಳಿಗೆ ಗಾಯವಾಗುವ ಕಾಯಿಲೆ) ಇದೆ, ಬರೀ ಪಥ್ಯ ಸಾಕಾ ಅಂತ ಕೇಳಿದ್ದೀರಿ.

ಕರುಳಿನ ಗಾಯ ಮಾಯುವ ವಿಷಯದಲ್ಲಿ ನಂಬಬಹುದಾದದ್ದು ಇವತ್ತಿಗೂ ಗ್ಲುಟೆನ್ ಇಲ್ಲದ ಊಟವೇ. ಅಂಗಡಿಯ ಎಂಜೈಮ್ ಗುಳಿಗೆ ಹೊಟ್ಟೆಯಲ್ಲಿ ಸ್ವಲ್ಪ ಗ್ಲುಟೆನ್ ಒಡೆಯುತ್ತದೆ, ಅಷ್ಟೇ. ಅದನ್ನು ನುಂಗಿ ಚಪಾತಿ ತಿನ್ನುವಂತಿಲ್ಲ. ಹೊಸ ಔಷಧಗಳಲ್ಲಿ ಝಡ್‌ಇಡಿ1227 ಆಸೆ ಹುಟ್ಟಿಸಿದೆ. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರೋಗಿಗಳು 6 ವಾರ ದಿನಕ್ಕೆ 3 ಗ್ರಾಂ ಗ್ಲುಟೆನ್ ತಿಂದರು. ಔಷಧ ತೆಗೆದುಕೊಂಡವರ ಕರುಳಿಗೆ ಹಾನಿ ಕಡಿಮೆಯಾಯಿತು. ಆದರೆ ಲಾರಜೋಟೈಡ್ ಎಂಬ ಇನ್ನೊಂದು ಔಷಧದ ಪ್ರಯೋಗ 3ನೇ ಹಂತಕ್ಕೆ ಬಂದೂ 2022ರಲ್ಲಿ ನಿಂತುಹೋಯಿತು.

ಖರ್ಚಿನಲ್ಲಿ ನಮಗೆ ಅನುಕೂಲ ಜಾಸ್ತಿ. ಅನ್ನ, ರಾಗಿ ಮುದ್ದೆ, ಜೋಳದ ರೊಟ್ಟಿ ಹೇಗೂ ಇದ್ದೇ ಇವೆ. ಪ್ಯಾಕೆಟ್‌ನ ದುಬಾರಿ ಬ್ರೆಡ್ ಬೇಕಿಲ್ಲ ಅಲ್ವಾ? ಕಷ್ಟ ಇರುವುದು ಸಣ್ಣ ವಿಷಯಗಳಲ್ಲಿ. ಗೋಧಿ ಬೀಸಿದ ಗಿರಣಿಯಲ್ಲೇ ರಾಗಿ ಬೀಸಿದರೆ ಹಿಟ್ಟು ಬೆರೆಯುತ್ತದೆ. ಸಾರಿಗೆ ಹಾಕುವ ಇಂಗಿನಲ್ಲೂ ಮೈದಾ ಅಥವಾ ಗೋಧಿ ಹಿಟ್ಟು ಇರಬಹುದು, ಡಬ್ಬಿ ತಿರುಗಿಸಿ ಓದಿ.

ಈಗಷ್ಟೇ ಗೊತ್ತಾದವರಿಗೆ ಪಥ್ಯವೇ ಸರಿ. ಮದುವೆ ಊಟದಲ್ಲಿ ಬೆರಕೆಯ ಭಯಕ್ಕೆ ಗುಳಿಗೆ ಇಟ್ಟುಕೊಂಡರೂ, ಸುಮ್ನೆ ಅದನ್ನೇ ನೆಚ್ಚಬೇಡಿ. ವರ್ಷಗಟ್ಟಲೆ ಪಥ್ಯ ಮಾಡಿಯೂ ಕರುಳು ಸರಿಯಾಗದವರು ಪ್ರಯೋಗದ ಬಗ್ಗೆ ವೈದ್ಯರನ್ನು ಕೇಳಬಹುದು. ಕೆಲವು ಪ್ರಯೋಗಗಳಲ್ಲಿ ಬೇಕೆಂದೇ ಗ್ಲುಟೆನ್ ತಿನ್ನಿಸುತ್ತಾರೆ, ಸಹಿ ಹಾಕುವ ಮೊದಲೇ ವಿಚಾರಿಸಿ.